ಜೀನ್ಸ್ ತೊಳೆದ ಮೇಲೆ ಸೊಂಟದ ಅಳತೆ ತಪ್ಪುತ್ತಿದೆ: ಬಳ್ಳಾರಿ ಹೊಲಿಗೆ ಘಟಕಕ್ಕೆ ವಿದ್ಯಾರ್ಥಿ ಪ್ರಾಜೆಕ್ಟ್, ಎಲ್ಲಿಂದ ಶುರು ಮಾಡಬೇಕು?

ಅಂತಿಮ ವರ್ಷದ ತಂಡ:
ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಮೆಕ್ಯಾನಿಕಲ್ ವಿದ್ಯಾರ್ಥಿಗಳು. ಪ್ರಾಜೆಕ್ಟಿಗೆ ಕೌಲ್ ಬಜಾರ್ ಕಡೆಯ ಒಂದು ಸಣ್ಣ ಜೀನ್ಸ್ ಘಟಕದ ತೊಂದರೆ ತೆಗೆದುಕೊಂಡಿದ್ದೇವೆ. ಬಟ್ಟೆ ಕತ್ತರಿಸುವುದು, ಹೊಲಿಯುವುದು ಅಲ್ಲೇ. ತೊಳೆಯುವುದು ಹೊರಗಿನ ವಾಷಿಂಗ್ ಘಟಕದಲ್ಲಿ. 32ರ ಸೈಜ್ ಎಂದು ಹೊಲಿದ ಸ್ಟ್ರೆಚ್ ಪ್ಯಾಂಟ್ ತೊಳೆದು ಬಂದಾಗ ಕೆಲವು 31, ಕೆಲವು 32, ಕೆಲವು 32 ಮುಕ್ಕಾಲು. ಅಂಗಡಿಯವರು ವಾಪಸ್ ಕಳಿಸುತ್ತಾರೆ. ಮಾಲೀಕರು ಟೈಲರ್‌ಗಳನ್ನು ಕೇಳುತ್ತಾರೆ, ಟೈಲರ್‌ಗಳು ವಾಷಿಂಗ್‌ನವರನ್ನು ತೋರಿಸುತ್ತಾರೆ, ವಾಷಿಂಗ್‌ನವರು ಬಟ್ಟೆ ಕೆಟ್ಟದು ಅನ್ನುತ್ತಾರೆ. ಟೇಬಲ್ ಮೇಲೆ ಕ್ಯಾಮೆರಾ ಇಟ್ಟು ಪ್ರತಿ ಪ್ಯಾಂಟನ್ನು ತಾನಾಗಿ ಅಳೆಯುವ ಯಂತ್ರ ಮಾಡೋಣ ಎಂಬುದು ನಮ್ಮ ಆಲೋಚನೆ. ಇದು ಸರಿಯೇ?

ಕಟಿಂಗ್ ಟೇಬಲ್:
ತಮ್ಮಾ, ತೊಳೆದು ಬಂದ ಮ್ಯಾಲೆ ಅಳೆದರೆ ಏನು ಬಂತು? ಪ್ಯಾಂಟ್ ಆಗಿ ಮುಗಿದೈತೆ. ತಪ್ಪು ಐತೆ ಅಂತ ಗೊತ್ತಾಗ್ತದೆ, ತಪ್ಪು ತಪ್ಪಂಗಿಲ್ಲ. ಮೊದಲು ಕತ್ತರಿ ಹಾಕೋ ಮುಂಚೆ ಬಟ್ಟೆ ಅಳೀರಿ. ಸ್ಟ್ರೆಚ್ ಡೆನಿಮ್‌ನ್ಯಾಗೆ ಲೈಕ್ರಾ ದಾರ, ಅಂದ್ರೆ ರಬ್ಬರಿನಂಗೆ ಹಿಗ್ಗೋ ದಾರ, ಇರೋದು ಹೊಕ್ಕಿನ್ಯಾಗೆ, ಅಂದ್ರೆ ಅಡ್ಡಕ್ಕೆ. ಸೊಂಟದ ಅಳತೆನೂ ಅಡ್ಡಕ್ಕೇ. ಹಾಸು, ಅಂದ್ರೆ ಉದ್ದಕ್ಕೆ ಶೇ 2-3 ಮುದುಡಿದ್ರೆ ಅದೇ ಬಟ್ಟೆ ಹೊಕ್ಕಿನ್ಯಾಗೆ ಶೇ 10 ರಿಂದ 16 ಮುದುಡ್ತದೆ. ಒಂದು ರೋಲಿಗೂ ಇನ್ನೊಂದು ರೋಲಿಗೂ ಈ ಲೆಕ್ಕ ಬ್ಯಾರೆ. ನಾಕು ರೋಲು ಒಂದರ ಮ್ಯಾಲೊಂದು ಹಾಸಿ, ಒಂದೇ ಪ್ಯಾಟರ್ನ್ ರಟ್ಟು ಇಟ್ಟು ಗೆರೆ ಎಳೆದು ಕತ್ತರಿಸಿದ್ರೆ ನಾಕು ಅಳತೆ ಬರದೆ ಇನ್ನೇನು ಬಂದೀತು?

ಅಳತೆ ಪರೀಕ್ಷೆ:
ಕಟಿಂಗ್ ಮಾಸ್ಟರ್ ಹೇಳಿದ್ದನ್ನು ಲೆಕ್ಕದಲ್ಲಿ ಇಡುತ್ತೇನೆ. ತೊಳೆದ ಮೇಲೆ ಸೊಂಟ 32 ಇಂಚು ಬರಬೇಕು, ಹೊಕ್ಕಿನ ಶ್ರಿಂಕೇಜ್ (ಮುದುಡುವ ಪ್ರಮಾಣ) ಶೇ 12 ಎಂದುಕೊಳ್ಳಿ. ಆಗ ಪ್ಯಾಟರ್ನ್ ಇರಬೇಕಾದ್ದು 32 ÷ 0.88 = 36.36 ಇಂಚು. ಇದೇ ಪ್ಯಾಟರ್ನ್ ಇಟ್ಟು ಶೇ 14 ಮುದುಡುವ ರೋಲನ್ನು ಕತ್ತರಿಸಿದರೆ 36.36 × 0.86 = 31.27. ಮುಕ್ಕಾಲು ಇಂಚು ಹೋಯಿತು. ಟೈಲರ್ ಎಷ್ಟೇ ಕರಾರುವಾಕ್ಕಾಗಿ ಹೊಲಿದರೂ ಅದು ವಾಪಸ್ ಬರುವುದಿಲ್ಲ.

ಬಹಳ ಕಡೆ ಮಾಡುವ ಇನ್ನೊಂದು ತಪ್ಪು: ಶೇ 12 ಮುದುಡುತ್ತದೆ ಎಂದು 32ಕ್ಕೆ ಶೇ 12 ಕೂಡಿಸುವುದು. ಅದು 35.84 ಆಗುತ್ತದೆ, ತೊಳೆದರೆ 31.54. ಶುರುವಿನಲ್ಲೇ ಅರ್ಧ ಇಂಚು ಕಡಿಮೆ. ಕೂಡಿಸಬಾರದು, ಭಾಗಿಸಬೇಕು. ಹೊಲಿಗೆ ಅಂಚಿಗೆ ಬಿಡುವ ಬಟ್ಟೆಯನ್ನು ಈ ಭಾಗಾಕಾರ ಮುಗಿದ ಮೇಲೆ ಸೇರಿಸಬೇಕು.

ಅಂತಿಮ ವರ್ಷದ ತಂಡ:
ಇದನ್ನು ನಾವು ಯೋಚಿಸಿರಲೇ ಇಲ್ಲ. ಶ್ರಿಂಕೇಜ್ ಪರೀಕ್ಷೆಯನ್ನು ಹಾಸ್ಟೆಲ್‌ನ ವಾಷಿಂಗ್ ಮೆಷಿನ್‌ನಲ್ಲಿ ಮಾಡಬಹುದಾ? ಎಷ್ಟು ಬಟ್ಟೆ ಬೇಕು?

ವಾಷಿಂಗ್ ಕೆಲಸ:
ಮನೆ ಮೆಷಿನ್ ಬೇಡ. ಅದರಲ್ಲಿ ಬರುವ ಸಂಖ್ಯೆಗೂ ನಮ್ಮಲ್ಲಿ ಬರುವ ಸಂಖ್ಯೆಗೂ ಸಂಬಂಧ ಇರುವುದಿಲ್ಲ. ಪ್ಯಾಂಟಿಗೆ ಯಾವ ರೆಸಿಪಿಯೋ ತುಂಡಿಗೂ ಅದೇ ರೆಸಿಪಿ ಆಗಬೇಕು. ಗಂಜಿ ತೆಗೆಯಲು ಸುಮಾರು 60 ಡಿಗ್ರಿಯಲ್ಲಿ 15-20 ನಿಮಿಷ, ಆಮೇಲೆ ಆಸಿಡ್ ಎನ್‌ಜೈಮ್ ಆದರೆ 50-55 ಡಿಗ್ರಿ, ಪಿಎಚ್ 4.5 ರಿಂದ 5.5, ಆಮೇಲೆ ಹಿಂಡುವ ಯಂತ್ರ, ಕೊನೆಗೆ ಡ್ರೈಯರ್. ಸ್ಟ್ರೆಚ್ ಬಟ್ಟೆ ಹೆಚ್ಚು ಮುದುಡುವುದು ಡ್ರೈಯರ್‌ನ ಬಿಸಿಗೆ. ಮನೆ ಮೆಷಿನ್‌ನಲ್ಲಿ ತೊಳೆದು ಹಗ್ಗಕ್ಕೆ ಹಾಕಿ ಒಣಗಿಸಿದರೆ ಆ ಭಾಗವೇ ಬಿಟ್ಟುಹೋಯಿತು.

ತುಂಡನ್ನು ಬಿಡಿಯಾಗಿ ಹಾಕಿದರೆ ಹಗ್ಗದಂತೆ ಸುತ್ತಿಕೊಂಡು ಅಳತೆ ಕೆಡುತ್ತದೆ. ಗುರುತು ಹಾಕಿದ ಮೇಲೆ ಎರಡು ಅಂಚು ಸೇರಿಸಿ ಪ್ಯಾಂಟಿನ ಕಾಲಿನ ಹಾಗೆ ಕೊಳವೆ ಹೊಲಿಯಿರಿ, ಬಾಯಿಗಳಿಗೆ ನೂಲು ಬಿಚ್ಚದಂತೆ ಓವರ್‌ಲಾಕ್ ಹೊಲಿಗೆ ಹಾಕಿ. ಪ್ಯಾಂಟಿನ ಲೋಡ್ ಜೊತೆಗೇ ಹಾಕಿ ಕೊಡುತ್ತಾರೆ, ಕೇಳಿ. ಒಂದು ಮಾತು: ಕೊಳಕು ನೀರಿನ ಶುದ್ಧೀಕರಣ ಸರಿಯಾಗಿ ನಡೆಸುವ, ಅನುಮತಿ ಇರುವ ಘಟಕದಲ್ಲೇ ತೊಳೆಸಿ. ನೀಲಿ ನೀರು ಚರಂಡಿಗೆ ಬಿಡುವ ಕಡೆಗೆ ಕಾಲೇಜಿನ ಪ್ರಾಜೆಕ್ಟ್ ಕೆಲಸ ಹೋಗಬಾರದು.

ಕಟಿಂಗ್ ಟೇಬಲ್:
ತುಂಡು ತೆಗೆಯೋದು ಹೆಂಗೆ ಅಂದ್ರೆ, ರೋಲಿನ ತುದಿ ಮೊದಲನೇ ಮೀಟರ್ ಬಿಡ್ರಿ, ಅದು ಎಳೆದು ಸುತ್ತಿದ ಬಟ್ಟೆ, ಅಳತೆ ಸುಳ್ಳು ಹೇಳ್ತದೆ. ಅದನ್ನ ಸಣ್ಣ ಭಾಗಗಳಿಗೆ ಬಳಸ್ರಿ. ಆಮೇಲೆ 70 ಸೆಂಮೀ ಉದ್ದ, 70 ಸೆಂಮೀ ಅಗಲ. ನಾಕೂ ಅಂಚಿಂದ 10 ಸೆಂಮೀ ಬಿಟ್ಟು 50 × 50ರ ಚೌಕ. ಬಾಲ್ ಪೆನ್ನಿನ ಗೆರೆ ತೊಳೆದ್ರೆ ಹೋಗ್ತದೆ, ಬ್ಲೀಚ್ ಹಾಕಿದ್ರೆ ಮಾರ್ಕರ್ ಕೂಡ ಹೋಗ್ತದೆ. ಬಿಳಿ ಪಾಲಿಯೆಸ್ಟರ್ ದಾರದಾಗೆ ಸಣ್ಣ ಟಾಕಿ ಹಾಕ್ರಿ, ಪ್ರತಿ ಬದಿಗೆ ಮೂರು. ಹಾಸಿಗೆ ಮೂರು ಸಲ, ಹೊಕ್ಕಿಗೆ ಮೂರು ಸಲ ಅಳೆದು ಸರಾಸರಿ ತಗೋರಿ. ಹಾಸಿನ ದಿಕ್ಕಿಗೆ ಬಾಣದ ಗುರುತು ಹೊಲೀರಿ. ಮರೆತ್ರೆ ತೊಳೆದು ಬಂದ ತುಂಡು ಯಾವ ಕಡೆ ಉದ್ದ ಅಂತ ಹುಡುಕ್ತಾ ಕೂರಬೇಕು.

ಅಳತೆ ಪರೀಕ್ಷೆ:
ಚೌಕ 25 ಸೆಂಮೀ ಸಾಕಲ್ಲವೇ, ಬಟ್ಟೆ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದು ಮಿಲಿಮೀಟರ್ ಅಳತೆ ತಪ್ಪಾದರೆ 50 ಸೆಂಮೀಯಲ್ಲಿ ಅದು ಶೇ 0.2, 25 ಸೆಂಮೀಯಲ್ಲಿ ಶೇ 0.4. ನಾವು ಹುಡುಕುತ್ತಿರುವುದೇ ಶೇ 1ರ ವ್ಯತ್ಯಾಸ. ಇನ್ನು ಡ್ರೈಯರ್‌ನಿಂದ ತೆಗೆದ ತಕ್ಷಣ ಅಳೆಯಬೇಡಿ. ಮೇಜಿನ ಮೇಲೆ ಹರಡಿ ನಾಲ್ಕು ಗಂಟೆ ಬಿಡಿ. ಎಲ್ಲ ತುಂಡಿಗೂ ಅಷ್ಟೇ ಹೊತ್ತು.

ಘಟಕ ನಡೆಸುವವ:
ಇವೆಲ್ಲ ದೊಡ್ಡ ಫ್ಯಾಕ್ಟರಿ ಮಾತು ಅನ್ನಿಸುತ್ತಿದೆ ಸರ್. ವ್ಯಾಪಾರಿ ಹತ್ತಿರ ಮೂರು ನಾಲ್ಕು ರೋಲ್ ತರುತ್ತೇವೆ, ಒಂದೊಂದು ಒಂದೊಂದು ಲಾಟ್. ಮರುದಿನ ಕತ್ತರಿಸಬೇಕು. ಪ್ರತಿ ರೋಲಿನಿಂದ 70 ಸೆಂಮೀ ಕೊಟ್ಟು, ವಾಷಿಂಗ್‌ಗೆ ಕಳಿಸಿ, ಎರಡು ದಿನ ಕಾಯುವುದು ಹೇಗೆ?

ಅಳತೆ ಪರೀಕ್ಷೆ:
ನಿಮ್ಮ ಕಷ್ಟ ನಿಜ. ಆದರೆ 100 ಮೀಟರ್ ರೋಲಿನಲ್ಲಿ 70 ಸೆಂಮೀ ಅಂದರೆ ಶೇ 0.7. ಅದೂ ಕಸಕ್ಕೆ ಹೋಗುವುದಿಲ್ಲ: ಅಳತೆ ಮುಗಿದ ಮೇಲೆ ಅದೇ ತುಂಡುಗಳನ್ನು ಪಕ್ಕಪಕ್ಕ ಹೊಲಿದರೆ ತೊಳೆದ ಬಣ್ಣ ರೋಲಿನಿಂದ ರೋಲಿಗೆ ಎಷ್ಟು ಬೇರೆ ಎಂಬುದೂ ಕಾಣುತ್ತದೆ. ಅಳತೆ ಮತ್ತು ಶೇಡ್, ಎರಡು ದೂರು ಒಂದೇ ತುಂಡಿನಲ್ಲಿ ಮುಗಿಯುತ್ತವೆ.

ಇನ್ನು ಕಾಯುವ ಎರಡು ದಿನ. ಸ್ಟ್ರೆಚ್ ರೋಲನ್ನು ಹೇಗಿದ್ದರೂ ಬಿಚ್ಚಿ ಸುಮಾರು 24 ಗಂಟೆ ಸಡಿಲವಾಗಿ ಬಿಡಬೇಕು. ರೋಲಿಗೆ ಸುತ್ತುವಾಗ ಎಳೆದ ಬಟ್ಟೆ ಬಿಚ್ಚಿದ ಮೇಲೆ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಕತ್ತರಿಸಿದ ಮೇಲೆ ಹಿಂದಕ್ಕೆ ಬಂದರೆ ತೊಳೆಯುವ ಮುಂಚೆಯೇ ತುಂಡು ಗಿಡ್ಡ. ಪರೀಕ್ಷೆಯ ತುಂಡು ವಾಷಿಂಗ್‌ಗೆ ಹೋದ ಹೊತ್ತಿನಲ್ಲಿ ರೋಲಿನ ವಿಶ್ರಾಂತಿಯೂ ನಡೆಯಲಿ. ತುಂಡು ತೆಗೆಯುವ ಕಡೆ ಒಂದೆರಡು ಮೀಟರ್ ಮೊದಲೇ ಬಿಚ್ಚಿ ಸಡಿಲ ಬಿಟ್ಟಿರಿ. ಸ್ಟ್ರೆಚ್ ಇಲ್ಲದ ಗಟ್ಟಿ ಡೆನಿಮ್‌ಗೆ ಇಷ್ಟೆಲ್ಲ ಬೇಕಾಗುವುದಿಲ್ಲ, ಸ್ಟ್ರೆಚ್‌ನಿಂದ ಶುರು ಮಾಡಿ.

ಕಟಿಂಗ್ ಟೇಬಲ್:
ಜಾಗ ಇಲ್ಲ ಅಂತೀರಲ್ಲ, ರೋಲನ್ನ ಹಾವಿನಂಗೆ ಹಿಂದಕ್ಕೂ ಮುಂದಕ್ಕೂ ಮಡಚಿ ಮರದ ಹಲಗೆ ಮ್ಯಾಲೆ ಬಿಡ್ರಿ. ಒಂದು ಅಡಿಗಿಂತ ಎತ್ತರ ಬ್ಯಾಡ, ಕೆಳಗಿನ ಪದರ ಭಾರಕ್ಕೆ ಬಿಡಂಗಿಲ್ಲ. ಹಾಸುವಾಗ ಇಬ್ಬರು ಎರಡು ಕಡೆ ಹಿಡಿದು ಜಗ್ಗಿ ಹಾಸ್ತಾರೆ ನೋಡ್ರಿ, ಅದೂ ತಪ್ಪು. ಬಟ್ಟೆ ತಾನಾಗೇ ಕೂತುಕೊಳ್ಳಬೇಕು.

ಅಂತಿಮ ವರ್ಷದ ತಂಡ:
ರೋಲ್‌ಗಳನ್ನು ಗುಂಪು ಮಾಡೋಣ ಎಂದುಕೊಂಡಿದ್ದೇವೆ. ಹೊಕ್ಕು ಶೇ 10-12 ಒಂದು ಗುಂಪು, 12-14 ಎರಡನೆಯದು, 14-16 ಮೂರನೆಯದು. ಗುಂಪಿಗೊಂದು ಪ್ಯಾಟರ್ನ್. ಸರಿಯಾ?

ಅಳತೆ ಪರೀಕ್ಷೆ:
ದಾರಿ ಸರಿ, ಗುಂಪು ದೊಡ್ಡದಾಯಿತು. 12-14ರ ಗುಂಪಿಗೆ ನಡುವಿನ ಶೇ 13ಕ್ಕೆ ಪ್ಯಾಟರ್ನ್ ಮಾಡಿದಿರಿ: 32 ÷ 0.87 = 36.78. ಅದರಲ್ಲಿ ಶೇ 12ರ ರೋಲ್ ಬಂದರೆ ಸೊಂಟ 32.37, ಶೇ 14ರದು ಬಂದರೆ 31.63. ಗುಂಪಿನ ಒಳಗೇ 0.37 ಇಂಚು ಆ ಕಡೆ ಈ ಕಡೆ. ಸೊಂಟಕ್ಕೆ ಅರ್ಧ ಇಂಚು ಹೆಚ್ಚುಕಮ್ಮಿ ಒಪ್ಪುತ್ತಾರೆ ಎಂದುಕೊಂಡರೂ ಹೊಲಿಗೆಗೆ ಉಳಿದದ್ದು ಒಂದು ಸೂತ್, ಅಂದರೆ ಇಂಚಿನ ಎಂಟನೇ ಒಂದು ಪಾಲು.

ಅದು ಯಾಕೆ ಸಾಲದು ಎಂದರೆ: ಸೊಂಟದ ಸುತ್ತ ಎರಡು ಪಕ್ಕದ ಹೊಲಿಗೆ, ಒಂದು ಹಿಂದಿನ ನಡು ಹೊಲಿಗೆ. ಮೂರು ಹೊಲಿಗೆ, ಒಂದೊಂದರಲ್ಲಿ ಎರಡು ತುಂಡು. ಟೈಲರ್ ಪ್ರತಿ ತುಂಡಿನಲ್ಲಿ ಅರ್ಧ ಸೂತ್ ಮಾತ್ರ ಹೆಚ್ಚು ಒಳಗೆ ತೆಗೆದುಕೊಂಡರೂ ಒಟ್ಟು ಮೂರು ಸೂತ್ ಹೋಯಿತು. ಅರ್ಧ ಸೂತ್ ಎಂದರೆ ಒಂದೂವರೆ ಮಿಲಿಮೀಟರ್. ದಿನಕ್ಕೆ ನೂರಾರು ಪೀಸ್ ಹೊಲಿಯುವವರ ಕೈಯಲ್ಲಿ ಅಷ್ಟು ಬದಲಾಗುವುದು ಸಹಜ. ಗುಂಪನ್ನು ಶೇ 1.5ಕ್ಕೆ ಇಳಿಸಿದರೆ ಗುಂಪಿನೊಳಗಿನ ವ್ಯತ್ಯಾಸ 0.28 ಇಂಚು, ಹೊಲಿಗೆಗೆ ಸುಮಾರು ಎರಡು ಸೂತ್ ಉಳಿಯುತ್ತದೆ. 10 ರಿಂದ 16ರ ತನಕ ನಾಲ್ಕು ಗುಂಪು ಆಯಿತು. ಅಷ್ಟು ರಟ್ಟು ನಿಭಾಯಿಸಬಹುದು.

ಕಟಿಂಗ್ ಟೇಬಲ್:
ನಾಕು ಪೂರಾ ಸೆಟ್ ಬರೆಯೋದು ಬ್ಯಾಡ. ಜೇಬು, ಲೂಪ್ ಅದೇ ಇರಲಿ. ಮುಂದಿನ ಹಿಂದಿನ ಪ್ಯಾನೆಲ್‌ನ್ಯಾಗೆ ಅಗಲ ಬದಲಾಗ್ತದೆ, ಸೊಂಟ, ಸೀಟು, ತೊಡೆ ಮೂರೂ ಕಡೆ. ಸೊಂಟ ಮಾತ್ರ ಅಗಲ ಮಾಡಿ ತೊಡೆ ಬಿಟ್ರೆ ಪ್ಯಾಂಟ್ ತೊಡೇಲಿ ಸಿಕ್ಕಾಕ್ಕಂತದೆ. ಪ್ಯಾನೆಲ್ ಅಗಲ ಮಾಡಿದ ಮ್ಯಾಲೆ ಯೋಕ್, ಅಂದ್ರೆ ಹಿಂದೆ ಬೆಲ್ಟ್ ಕೆಳಗಿನ ತುಂಡು, ಅದನ್ನೂ ಹೊಂದಿಸ್ರಿ.

ಮುಖ್ಯ ಅಂದ್ರೆ ಬೆಲ್ಟ್ ಪಟ್ಟಿ. ಪ್ಯಾನೆಲ್ ಹೊಕ್ಕಿನ ಕಡೆ ಶೇ 13 ಮುದುಡ್ತದೆ, ಬೆಲ್ಟ್ ಪಟ್ಟಿ ಹಾಸಿನ ಕಡೆ ಕತ್ತರಿಸಿದ್ರೆ ಶೇ 3. ತೊಳೆಯೋ ಮುಂಚೆ ಎರಡೂ ಸಮ ಕೂರಿಸಿ ಹೊಲಿದಿರ್ತಾರೆ. ತೊಳೆದ ಮ್ಯಾಲೆ ಪ್ಯಾನೆಲ್ ಒಳಗೆ ಎಳೀತದೆ, ಬೆಲ್ಟ್ ಅಲೆ ಅಲೆಯಾಗಿ ನಿಲ್ತದೆ. ಸ್ಟ್ರೆಚ್ ಪ್ಯಾಂಟಿಗೆ ಬೆಲ್ಟನ್ನೂ ಹೊಕ್ಕಿನ ಕಡೆಗೇ ಕತ್ತರಿಸ್ರಿ, ಎರಡೂ ಕೂಡಿ ಮುದುಡ್ತಾವೆ. ಒಂದು ಪೀಸ್ ಕೈಗೆ ತಗೊಂಡು ಬೆಲ್ಟನ್ನ ಬೆಳಕಿಗೆ ಹಿಡಿದು ನೋಡ್ರಿ. ಮ್ಯಾಲಿನ ಹೊಲಿಗೆ ಉದ್ದಕ್ಕೂ ಸಣ್ಣ ಸಣ್ಣ ನೆರಿಗೆ ಸಾಲಾಗಿ ಕಂಡ್ರೆ ಇದೇ ರೋಗ.

ವಾಷಿಂಗ್ ಕೆಲಸ:
ಎಲ್ಲವೂ ಬಟ್ಟೆಯ ಮೇಲೆ ಬೀಳುತ್ತಿದೆ, ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಡ್ರೈಯರ್ ತುಂಬಾ ತುಂಬಿದರೆ ಹೊರಗಿನ ಪ್ಯಾಂಟ್ ಒಣಗಿ, ನಡುವಿನದು ಹಸಿ. ಹಸಿಯದು ಒಣಗಲಿ ಎಂದು ಇನ್ನೂ 15 ನಿಮಿಷ ಓಡಿಸಿದರೆ ಒಣಗಿದ್ದು ಅತಿಯಾಗಿ ಒಣಗುತ್ತದೆ, ಇನ್ನಷ್ಟು ಮುದುಡುತ್ತದೆ. ನೂಲಿನ ಧೂಳಿನ ಜಾಲರಿ ಕಟ್ಟಿಕೊಂಡರೂ ಅದೇ ಕಥೆ: ಗಾಳಿ ಹಾಯುವುದಿಲ್ಲ, ಹೊತ್ತು ಹಿಡಿಯುತ್ತದೆ, ಬೆಂಕಿಯ ಅಪಾಯ ಬೇರೆ. ಜಾಲರಿ ಪ್ರತಿ ಲೋಡಿಗೂ ತೆಗೆದು ಒರೆಸಬೇಕು. ಕೊನೆಯ 10 ನಿಮಿಷ ಬಿಸಿ ನಿಲ್ಲಿಸಿ ತಣ್ಣನೆ ಗಾಳಿಯಲ್ಲಿ ತಿರುಗಿಸಬೇಕು. ಕ್ಲೋರಿನ್ ಬ್ಲೀಚ್ ಲೈಕ್ರಾವನ್ನೇ ಕೆಡಿಸುತ್ತದೆ, ಆ ಪ್ಯಾಂಟ್ ಆಮೇಲೆ ಜೋಲುತ್ತದೆ. ಸೊಂಟ 32 ಮುಕ್ಕಾಲು ಬಂದವುಗಳಲ್ಲಿ ಬ್ಲೀಚ್ ಹೊಡೆದ ಪೀಸ್ ಎಷ್ಟು ಎಂದು ಎಣಿಸಿ ನೋಡಿ.

ಅಂತಿಮ ವರ್ಷದ ತಂಡ:
ಹಾಗಾದರೆ ತಪ್ಪು ರೋಲಿನದೋ ಡ್ರೈಯರ್‌ನದೋ ಎಂದು ಬೇರ್ಪಡಿಸುವುದು ಹೇಗೆ?

ಅಳತೆ ಪರೀಕ್ಷೆ:
ಸಾಕ್ಷಿ ತುಂಡು ಹಾಕಿ. ಒಂದೇ ರೋಲಿನಿಂದ, ಒಂದರ ಪಕ್ಕ ಒಂದು, 20 ತುಂಡು ಕತ್ತರಿಸಿ ಒಂದೇ ರೀತಿ ಗುರುತು ಹೊಲಿದು ಇಟ್ಟುಕೊಳ್ಳಿ. ಪ್ರತಿ ವಾಷಿಂಗ್ ಲೋಡಿನ ಜೊತೆ ಒಂದೊಂದು ಹಾಕಿ. ಎಲ್ಲವೂ ಒಂದೇ ಬಟ್ಟೆ, ಆದ್ದರಿಂದ ಎಲ್ಲ ಲೋಡಿನಲ್ಲೂ ಹತ್ತಿರಹತ್ತಿರ ಒಂದೇ ಶ್ರಿಂಕೇಜ್ ಬರಬೇಕು. ಒಂದು ಲೋಡಿನಲ್ಲಿ ಶೇ 12, ಇನ್ನೊಂದರಲ್ಲಿ ಶೇ 13.5 ಬಂದರೆ ಆ ವ್ಯತ್ಯಾಸ ತೊಳೆಯುವುದರಿಂದ ಬಂದದ್ದು. ಸಾಕ್ಷಿ ತುಂಡು ಸ್ಥಿರವಾಗಿದ್ದು ಪ್ಯಾಂಟ್ ಮಾತ್ರ ಬದಲಾದರೆ ರೋಲಿನದು ಅಥವಾ ಕಟಿಂಗ್, ಹೊಲಿಗೆಯದು. ಮೂರು ಕಡೆಯವರು ಒಬ್ಬರನ್ನೊಬ್ಬರು ದೂರುವುದು ನಿಲ್ಲಬೇಕಾದರೆ ಈ 20 ತುಂಡಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಸೆನ್ಸರ್ ಕೆಲಸ:
ಎಲೆಕ್ಟ್ರಾನಿಕ್ಸ್ ಬೇಕೇಬೇಕು ಎಂದಿದ್ದರೆ ಡ್ರೈಯರ್‌ಗೆ ಹಾಕಿ, ಅಲ್ಲಿ ಕೆಲಸಕ್ಕೆ ಬರುತ್ತದೆ. ಉಷ್ಣತೆ ಅಳೆಯುವ ಡಿಎಸ್18ಬಿ20 ಸೆನ್ಸರ್ (125 ಡಿಗ್ರಿ ತನಕ ತಾಳುತ್ತದೆ), ಅದನ್ನು ಓದುವ ಒಂದು ಇಎಸ್‌ಪಿ32 ಬೋರ್ಡ್, ಡೇಟಾ ತಂತಿಗೆ 4.7 ಕಿಲೋ ಓಮ್ ರೆಸಿಸ್ಟರ್. ಡ್ರಮ್ ತಿರುಗುವುದರಿಂದ ಒಳಗೆ ತಂತಿ ಹಾಕಲಾಗದು, ಬಿಸಿ ಗಾಳಿ ಹೊರಹೋಗುವ ಕೊಳವೆಯಲ್ಲಿ, ಜಾಲರಿ ದಾಟಿದ ಮೇಲೆ ಕೂರಿಸಿ. 30 ಸೆಕೆಂಡಿಗೊಮ್ಮೆ ಓದಿದರೆ ಸಾಕು. ಬಟ್ಟೆ ಹಸಿ ಇರುವ ತನಕ ಹೊರಗಾಳಿಯ ಉಷ್ಣತೆ ಹೆಚ್ಚು ಏರುವುದಿಲ್ಲ. ಒಣಗುತ್ತಿದ್ದಂತೆ ಗೆರೆ ಮೇಲಕ್ಕೆ ತಿರುಗುತ್ತದೆ. ಆ ತಿರುವಿನ ನಂತರ ಎಷ್ಟು ನಿಮಿಷ ಬಿಸಿಯಲ್ಲಿ ಓಡಿತು ಎಂಬುದೇ ನಿಮಗೆ ಬೇಕಾದ ಸಂಖ್ಯೆ. ತಂತಿಯನ್ನು ಮೋಟರ್ ಕೇಬಲ್ ಜೊತೆ ಕಟ್ಟಬೇಡಿ. ಮೋಟರ್ ಶುರುವಾದಾಗೆಲ್ಲ 85 ಎಂದೋ ಮೈನಸ್ 127 ಎಂದೋ ಬಂದರೆ ಅದು ಉಷ್ಣತೆ ಅಲ್ಲ, ಸೆನ್ಸರ್ ರೀಸೆಟ್ ಆದದ್ದು ಅಥವಾ ಸಂಪರ್ಕ ತಪ್ಪಿದ್ದು. ಅಂಥವನ್ನು ಕೋಡ್‌ನಲ್ಲೇ ಬಿಟ್ಟುಬಿಡಿ.

ಕ್ಯಾಮೆರಾ ವಿಷಯ. ಮೇಜಿನ 120 ಸೆಂಮೀ ಅಗಲವನ್ನು 1920 ಪಿಕ್ಸೆಲ್‌ನಲ್ಲಿ ಹಿಡಿದರೆ ಒಂದು ಪಿಕ್ಸೆಲ್ 0.6 ಮಿಮೀ, ಕೇಳಲು ಚೆನ್ನಾಗಿದೆ. ಆದರೆ ಕ್ಯಾಮೆರಾ 1.5 ಮೀಟರ್ ಎತ್ತರದಲ್ಲಿದ್ದು, ಸೊಂಟದ ಅಂಚು ನಡುವಿನಿಂದ 20 ಸೆಂಮೀ ದೂರದಲ್ಲಿ 6 ಮಿಮೀ ದಪ್ಪ ಇದ್ದರೆ, ಆ ಅಂಚು 0.8 ಮಿಮೀ ಆಚೆ ಇರುವಂತೆ ಕಾಣುತ್ತದೆ. ಎರಡು ಕಡೆ ಸೇರಿ 1.6 ಮಿಮೀ. ಚಪ್ಪಟೆ ಅಳತೆಯನ್ನು ಎರಡರಿಂದ ಗುಣಿಸಿದರೆ 3.2 ಮಿಮೀ, ಸುಮಾರು ಒಂದು ಸೂತ್. ಹೊಲಿಗೆಗೆ ಉಳಿದ ಎರಡು ಸೂತ್‌ನಲ್ಲಿ ಅರ್ಧ ಇದರಲ್ಲೇ ಹೋಯಿತು. ಈ ಸೆಮಿಸ್ಟರ್‌ಗೆ ಬೇಡ.

ಅಳತೆ ಪರೀಕ್ಷೆ:
ಕ್ಯಾಮೆರಾ ಬದಲು ಅಳತೆ ಹಲಗೆ ಮಾಡಿ. ಸನ್‌ಮೈಕಾ ಅಂಟಿಸಿದ 4 × 2.5 ಅಡಿ ಪ್ಲೈವುಡ್. ಒಂದು ಮೀಟರಿನ ಸ್ಟೀಲ್ ಸ್ಕೇಲ್ ಮೇಲ್ಮೈಗೆ ಸಮವಾಗಿ ಕೂರುವಂತೆ ಕೊರೆದು ಹಾಕಿ. ಸೊನ್ನೆಯ ಕಡೆ ಅಲ್ಯೂಮಿನಿಯಂ ಎಲ್ ಪಟ್ಟಿ ಅಡ್ಡ ನಿಲ್ಲಿಸಿ. ಬಟನ್ ಹಾಕಿ, ಮುಂದಿನ ಹಿಂದಿನ ಬೆಲ್ಟ್ ಅಂಚು ಸೇರಿಸಿ, ಒಂದು ತುದಿ ಪಟ್ಟಿಗೆ ತಾಗಿಸಿ, ಜಗ್ಗದೆ ಓದಿ. ಘಟಕದಲ್ಲಿ ಬಳಸುವ ಟೇಪ್‌ಗಳನ್ನೂ ಅದೇ ಸ್ಕೇಲಿಗೆ ಹಿಡಿದು ನೋಡಿ, ಹಳೆಯ ಟೇಪ್ ಜಗ್ಗಿ ಉದ್ದವಾಗಿರುತ್ತದೆ.

ಆಮೇಲೆ, ಯಾವುದೇ ಬದಲಾವಣೆಗೆ ಮುಂಚೆ, 10 ಪ್ಯಾಂಟನ್ನು ಇಬ್ಬರು ಎರಡೆರಡು ಸಲ ಅಳೆಯಿರಿ. ಮೊದಲ ಸಲದ ಅಂಕಿ ಎರಡನೇ ಸಲ ಕಾಣಬಾರದು. 40 ಅಂಕಿ ಬರುತ್ತವೆ. ಒಂದೇ ಪ್ಯಾಂಟಿಗೆ ಇಬ್ಬರ ನಡುವೆ ಎರಡು ಸೂತ್ ವ್ಯತ್ಯಾಸ ಬಂದರೆ ಮೊದಲು ಅಳೆಯುವ ಕ್ರಮ ಸರಿಮಾಡಿ.

ಘಟಕ ನಡೆಸುವವ:
ಇಷ್ಟು ಮಾಡುವುದಾದರೆ ನಾವೂ ಕೈ ಜೋಡಿಸುತ್ತೇವೆ. ತೊಳೆದು ಬಂದ ಪ್ಯಾಂಟ್ ಯಾವ ರೋಲಿನದು ಎಂದು ಗೊತ್ತಾಗುವುದು ಹೇಗೆ? ಸ್ಟಿಕ್ಕರ್ ನೀರಿನಲ್ಲಿ ಕಿತ್ತುಹೋಗುತ್ತದೆ.

ಕಟಿಂಗ್ ಟೇಬಲ್:
ಜೇಬಿನ ಒಳಚೀಲ ಬಿಳಿ ಬಟ್ಟೆ ಅಲ್ಲೇನ್ರಿ? ಅದರ ಕೆಳಗಿನ ಮೂಲೇಲಿ ಬಣ್ಣದ ಪಾಲಿಯೆಸ್ಟರ್ ದಾರದಾಗೆ ಟಾಕಿ. ಗುಂಪಿಗೊಂದು ಬಣ್ಣ, ಆ ಗುಂಪಿನ್ಯಾಗೆ ಎಷ್ಟನೇ ರೋಲೋ ಅಷ್ಟು ಟಾಕಿ. ಕೆಂಪು ಎರಡು ಟಾಕಿ ಅಂದ್ರೆ ಮೊದಲ ಗುಂಪು, ಎರಡನೇ ರೋಲು. ಗಿರಾಕಿ ಕಣ್ಣಿಗೆ ಬೀಳಂಗಿಲ್ಲ, ತೊಳೆದ್ರೂ ಹೋಗಂಗಿಲ್ಲ. ಬಂಡಲ್ ಕಟ್ಟುವಾಗ ಒಂದು ಪದರದ ಎಲ್ಲ ತುಂಡಿಗೂ ಒಂದೇ ನಂಬರ್ ಇರಲಿ. ಬ್ಯಾರೆ ಬ್ಯಾರೆ ರೋಲಿನ ಎಡಗಾಲು ಬಲಗಾಲು ಕೂಡಿದ್ರೆ ಈ ಪರೀಕ್ಷೆನೆಲ್ಲ ನೀರಿಗೆ ಹಾಕಿದಂಗೆ.

ಇನ್ನೊಂದು, ಮಾಲೀಕ್ರಿಗೆ ಕೈ ಮುಗಿದು ಕೇಳ್ತೀನಿ. ಈ ಲೆಕ್ಕ ಬರೋ ತನಕ ಅಳತೆ ತಪ್ಪಿದ ಪೀಸಿಗೆ ಟೈಲರ್ ಕೂಲಿ ಹಿಡೀಬ್ಯಾಡ್ರಿ. ಪೀಸ್ ರೇಟಿನ್ಯಾಗೆ ದುಡಿಯೋ ಹೆಣ್ಮಕ್ಕಳು, ರೋಲು ಮುದುಡಿದ್ದಕ್ಕೆ ಅವರು ಯಾಕೆ ದುಡ್ಡು ಕಟ್ಟಬೇಕು?

ಘಟಕ ನಡೆಸುವವ:
ಒಪ್ಪಿದೆ ಮಾಸ್ಟರ್. ಹಿಡಿಯುವುದಿಲ್ಲ.

ಅಂತಿಮ ವರ್ಷದ ತಂಡ:
ಯೋಜನೆ ಬದಲಿಸಿದ್ದೇವೆ. ಮೊದಲ ವಾರ ಅಳತೆ ಹಲಗೆ ಮತ್ತು 40 ಅಂಕಿಯ ಪರೀಕ್ಷೆ. ಆಮೇಲೆ ಈಗಿನ ಪದ್ಧತಿಯಲ್ಲೇ ಹೊಲಿದ 100 ಪ್ಯಾಂಟ್, ಒಂದೇ ಸೈಜ್, ಒಂದೇ ಬಗೆಯ ಬಟ್ಟೆ. ವಾಪಸ್ ಬಂದ ರಾಶಿಯಿಂದ ಆರಿಸದೆ ಪ್ರತಿ ಬಂಡಲಿನಿಂದ ಎರಡೆರಡು ತೆಗೆದು ಅಳೆಯುತ್ತೇವೆ. ನಂತರ ರೋಲ್ ಪರೀಕ್ಷೆ, ನಾಲ್ಕು ಗುಂಪು, ಸಾಕ್ಷಿ ತುಂಡು, ಡ್ರೈಯರ್ ಸೆನ್ಸರ್, ಮತ್ತೆ 100 ಪ್ಯಾಂಟ್. ದಾಖಲೆಗೆ ಆ್ಯಪ್ ಬೇಕಾ, ಪುಸ್ತಕವಾ?

ಅಳತೆ ಪರೀಕ್ಷೆ:
ಪುಸ್ತಕ. ನೀವು ಪಾಸಾಗಿ ಹೋದ ಮೇಲೆ ಆ್ಯಪ್ ಕೆಟ್ಟರೆ ಸರಿಮಾಡುವವರು ಯಾರು? ಒಂದು ರೋಲಿಗೆ ಒಂದು ಸಾಲು: ರೋಲ್ ನಂಬರ್, ವ್ಯಾಪಾರಿಯ ಲಾಟ್, ಬಟ್ಟೆಯ ಅಗಲ, ಹಾಸು ಶೇಕಡಾ, ಹೊಕ್ಕು ಶೇಕಡಾ, ಗುಂಪಿನ ಬಣ್ಣ, ತೊಳೆದ ದಿನ. ಪುಸ್ತಕದ ರಟ್ಟಿನ ಒಳಬದಿಗೆ ಒಂದು ಕೋಷ್ಟಕ ಅಂಟಿಸಿ: ಸೈಜ್ 28 ರಿಂದ 38, ನಾಲ್ಕು ಗುಂಪಿನ ನಡು ಶ್ರಿಂಕೇಜ್ 10.75, 12.25, 13.75, 15.25ಕ್ಕೆ ಪ್ಯಾಟರ್ನ್ ಅಳತೆ ಎಷ್ಟು ಎಂದು ಮೊದಲೇ ಭಾಗಿಸಿ ಬರೆದದ್ದು. ಕಟಿಂಗ್ ಟೇಬಲ್ ಮುಂದೆ ನಿಂತು ಯಾರೂ ಕ್ಯಾಲ್ಕುಲೇಟರ್ ಒತ್ತಬೇಕಾಗಬಾರದು. ದಶಾಂಶ ಬೇಡ, ಇಂಚು ಮತ್ತು ಸೂತ್‌ನಲ್ಲಿ ಬರೆಯಿರಿ.

ಕಟಿಂಗ್ ಟೇಬಲ್:
ಉರ್ದು ಓದೋ ಮಾಸ್ಟರ್‌ಗಳೂ ಅದಾರೆ, ತೆಲುಗಿನವ್ರೂ ಅದಾರೆ. ಗುಂಪಿನ ಹೆಸರು ಬರೆಯೋ ಜಾಗದಾಗೆ ಆ ಬಣ್ಣದ ದಾರನೇ ಒಂದು ತುಂಡು ಅಂಟಿಸಿಬಿಡ್ರಿ. ರಟ್ಟಿನ ತೂತಿಗೂ ಅದೇ ದಾರ ಕಟ್ರಿ.